ನಡಿಗೆಯ ನೆನಪು, ಸದನದ ಮರೆವು: ಎ.ಕೆ. ಗೋಪಾಲನ್ ಅವರ ಸಂಸದೀಯ ಬದುಕು ಮತ್ತು ಕಾಸರಗೋಡಿನ ಜನಸ್ಮೃತಿ

ಮೈಸೂರು ಜಿಲ್ಲೆಯ ಸಾಲಿಗ್ರಾಮವು (ಉಡುಪಿ ಸಮೀಪದ ಸಾಲಿಗ್ರಾಮವಲ್ಲ, ಹಿಂದೆ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಊರು) ರಾಮಾನುಜಾಚಾರ್ಯರ ಸ್ಮೃತಿಯನ್ನು ಒಂದು ಕೊಳದ ಮೂಲಕ ಕಾಪಾಡಿಕೊಂಡಿದೆ. ಚೋಳನಾಡಿನಿಂದ ಕಾಲುನಡಿಗೆಯಲ್ಲಿ ಹೊರಟ ಆಚಾರ್ಯರು ಕಾವೇರಿಯ ದಡದ ಈ ಊರಿಗೆ ಬಂದರೆಂದೂ, ಶಿಷ್ಯನಾದ ಮುದಲಿಯಾಂಡಾನ್ ಊರ ನೀರಿಗೆ ತನ್ನ ಪಾದವನ್ನು ಮುಟ್ಟಿಸಿದನೆಂದೂ, ಆ ನೀರನ್ನು ಬಳಸಿದ ಜನ ಅವರನ್ನು ಒಪ್ಪಿಕೊಂಡರೆಂದೂ ಶ್ರೀವೈಷ್ಣವ ಗುರುಪರಂಪರೆಯ ಕಥನಗಳು ಹೇಳುತ್ತವೆ. ಕೊಳದ ಹೆಸರು ಶ್ರೀಪಾದತೀರ್ಥ. ರಾಮಾನುಜರು ಶ್ರೀಭಾಷ್ಯವನ್ನು ಬರೆದವರು. ವೇದಾಂತದ ಇತಿಹಾಸದಲ್ಲಿ ಅವರ ಸ್ಥಾನ ನಿಂತಿರುವುದು ಆ ಗ್ರಂಥದ ಮೇಲೆ. ಊರಿನ ಸ್ಮೃತಿಯಲ್ಲಿ ಉಳಿದಿರುವುದು ಭಾಷ್ಯವಲ್ಲ, ಪಾದ. ಹೊರಗಿನಿಂದ ನಡೆದು ಬಂದವನೊಬ್ಬನು ಊರಿನವನಾದ ಬಗೆಯನ್ನು ಹೇಳಲು ಜನಸ್ಮೃತಿಗೆ ಗ್ರಂಥ ಬೇಕಾಗಿಲ್ಲ, ಹೆಜ್ಜೆ ಬೇಕು.

ಈ ಆಯ್ಕೆಯು ಮಧ್ಯಕಾಲದ ಸಂತರಿಗೆ ಮಾತ್ರ ಸೀಮಿತವಾದುದಲ್ಲ. ಆಧುನಿಕ ಸಂಸದೀಯ ರಾಜಕಾರಣಿಯೊಬ್ಬನ ಬದುಕನ್ನು ಜನ ನೆನೆಯುವಾಗಲೂ ಇದೇ ಸೋಸುವಿಕೆ ನಡೆಯುತ್ತದೆ. ಶಾಸನಸಭೆಯಲ್ಲಿ ಮಾಡಿದ ಭಾಷಣ, ಮಂಡಿಸಿದ ತಿದ್ದುಪಡಿ, ಸಮಿತಿಯಲ್ಲಿ ಕಳೆದ ದಿನಗಳು ಹಿಂದೆ ಸರಿಯುತ್ತವೆ. ಜಾಥಾ, ಉಪವಾಸ, ಸೆರೆವಾಸಗಳು ಮುಂದೆ ಬರುತ್ತವೆ. ಕಾಸರಗೋಡು ಕ್ಷೇತ್ರವನ್ನು 1957ರಿಂದ 1971ರ ಚುನಾವಣೆಯವರೆಗೆ ಲೋಕಸಭೆಯಲ್ಲಿ ಪ್ರತಿನಿಧಿಸಿದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ರಾಜಕೀಯ ಬದುಕು ಇದಕ್ಕೆ ತಕ್ಕ ನಿದರ್ಶನ. ಅದರ ಮಗ್ಗುಲಲ್ಲಿ, ಅದೇ ಕಾಸರಗೋಡಿನ ಮಣ್ಣಿನಲ್ಲಿ ಹುಟ್ಟಿ ರಾಜ್ಯಸಭೆಯಲ್ಲೂ ಕರ್ನಾಟಕದ ವಿಧಾನಸಭೆಯಲ್ಲೂ ಕುಳಿತ ಬಿ.ವಿ. ಕಕ್ಕಿಲ್ಲಾಯರ ಬದುಕನ್ನು ಇರಿಸಿದಾಗ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಜನಸ್ಮೃತಿಯ ಈ ಸೋಸುವಿಕೆಯನ್ನು ಜಾನಪದ ಅಧ್ಯಯನವು ಪರೀಕ್ಷಿಸದೆ ತನ್ನದಾಗಿಸಿಕೊಂಡಿದೆಯೇ ಎಂಬುದು ಪ್ರಸ್ತುತ ಪ್ರಬಂಧದ ಪರಿಶೀಲನೆಯ ವಸ್ತು.

ನಡಿಗೆಯ ನಾಯಕ

ಆಯಿಲ್ಯತ್ ಕುಟ್ಟ್ಯಾರಿ ಗೋಪಾಲನ್ ಹುಟ್ಟಿದ್ದು 1904ರ ಅಕ್ಟೋಬರ್ 1ರಂದು, ಉತ್ತರ ಮಲಬಾರಿನ ಕಣ್ಣೂರಿನ ಸಮೀಪ. ಶಾಲಾ ಉಪಾಧ್ಯಾಯರಾಗಿದ್ದವರು ಕೆಲಸ ಬಿಟ್ಟು 1930ರ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. 1931–32ರ ಗುರುವಾಯೂರು ದೇವಾಲಯ ಪ್ರವೇಶ ಸತ್ಯಾಗ್ರಹದಲ್ಲಿ ಸ್ವಯಂಸೇವಕರ ನಾಯಕರಾಗಿ ಪೆಟ್ಟು ತಿಂದರು. 1936ರಲ್ಲಿ ಕಣ್ಣೂರಿನಿಂದ ಮದ್ರಾಸಿನವರೆಗೆ ನಿರುದ್ಯೋಗಿಗಳ ಹಸಿವಿನ ಜಾಥಾವನ್ನು ಕಾಲುನಡಿಗೆಯಲ್ಲಿ ನಡೆಸಿದರು. ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ ಮೂಲಕ ಕಮ್ಯುನಿಸ್ಟ್ ಪಕ್ಷಕ್ಕೆ ಬಂದ ಮೇಲೆ, 1941ರಲ್ಲಿ ವೆಲ್ಲೂರು ಸೆರೆಮನೆಯಿಂದ ತಪ್ಪಿಸಿಕೊಂಡು ವರ್ಷಗಟ್ಟಲೆ ಭೂಗತರಾಗಿದ್ದರು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಅವರು ಕಣ್ಣೂರು ಸೆರೆಮನೆಯಲ್ಲಿದ್ದರು. ಅಲ್ಲಿಯ ಅಂಗಳದಲ್ಲಿ ಧ್ವಜ ಹಿಡಿದು ನಡೆದ ಪ್ರಸಂಗವನ್ನು ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಪರಕೀಯರ ಆಳ್ವಿಕೆಯಲ್ಲಿ ಸೆರೆಯಾದವನು ಸ್ವಕೀಯರ ಆಳ್ವಿಕೆಯ ಮೊದಲ ಬೆಳಗನ್ನೂ ಸೆರೆಯಲ್ಲೇ ಕಂಡ ಈ ಚಿತ್ರದ ನಾಟಕೀಯತೆಗೆ ಯಾವ ಕಥೆಗಾರನೂ ಏನನ್ನೂ ಸೇರಿಸಬೇಕಾಗಿಲ್ಲ.

ಈ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಮೌಖಿಕ ಪರಂಪರೆಯ ಅಭ್ಯಾಸಿಗೆ ಪರಿಚಿತವಾದ ಒಂದು ವಿನ್ಯಾಸ ಕಾಣುತ್ತದೆ: ಮನೆ ಬಿಡುವುದು, ವ್ರತ, ದೀರ್ಘ ನಡಿಗೆ, ಒಡೆಯರಿಂದ ಹಿಂಸೆ, ಸೆರೆ, ಅಜ್ಞಾತವಾಸ, ಮರಳಿ ಕಾಣಿಸಿಕೊಳ್ಳುವುದು. ಹಳೆಯ ಮೈಸೂರಿನ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿಯು ಕಬ್ಬಿಣದ ಭಿಕ್ಷೆಗಾಗಿ ಹಲಗೂರಿಗೆ ಹೋಗಿ ಪಡುವ ಪರೀಕ್ಷೆಗಳೂ, ತುಳುನಾಡಿನ ಪಾಡ್ದನಗಳಲ್ಲಿ ಕಲ್ಕುಡನು ಕಾರ್ಕಳದ ಅರಸನಿಂದ ಕೈಕಾಲು ಕಳೆದುಕೊಳ್ಳುವ ಪ್ರಸಂಗವೂ ಈ ವಿನ್ಯಾಸದ ಬೇರೆ ಬೇರೆ ರೂಪಗಳು. ಮಲಯಾಳದಲ್ಲಿ ಗೋಪಾಲನ್ ಅವರಿಗೆ ಸಂದ ಬಿರುದು 'ಪಾವಙ್ಙಳುಡೆ ಪಡತ್ತಲವನ್', ಅಂದರೆ ಬಡವರ ದಳಪತಿ. ಈ ಬಿರುದಿನಲ್ಲಿ ಸದನದ ಸೋಂಕು ಇಲ್ಲ. ಅದು ಪಡೆಯ ಮುಂದೆ ನಡೆಯುವವನಿಗೆ ಸಲ್ಲುವ ಹೆಸರು. ಪಾಡ್ದನದ ವೀರನಿಗೂ ಈ ನಾಯಕನಿಗೂ ಒಂದು ವ್ಯತ್ಯಾಸವಿದೆ. ಪಾಡ್ದನದ ವೀರ ಅನ್ಯಾಯಕ್ಕೆ ಗುರಿಯಾಗಿ ಮಾಯಕ್ಕೆ ಸಂದು, ದೈವವಾಗಿ ಮರಳಿ ನ್ಯಾಯ ಕೇಳುತ್ತಾನೆ. ಗೋಪಾಲನ್ ಮಾಯವಾಗಲಿಲ್ಲ. ನ್ಯಾಯ ಕೇಳಲು ಅವರು ಹೋದದ್ದು ಮೊದಲು ನ್ಯಾಯಾಲಯಕ್ಕೆ, ಆಮೇಲೆ ಸಂಸತ್ತಿಗೆ. ಸ್ಮೃತಿಗೆ ತೊಡಕಾಗಿರುವುದು ಅವರ ಬದುಕಿನ ಈ ಭಾಗ.

ನ್ಯಾಯಾಲಯದ ಪ್ರಸಂಗ ಸಂಕ್ಷಿಪ್ತವಾದರೂ ಕಾಸರಗೋಡಿನ ದೃಷ್ಟಿಯಿಂದ ವಿಶೇಷವಾದುದು. ಸಂವಿಧಾನ ಜಾರಿಗೆ ಬಂದ ವರ್ಷವೇ, ಮುನ್ನೆಚ್ಚರಿಕೆ ಬಂಧನ ಕಾಯ್ದೆಯಡಿ ಸೆರೆಯಲ್ಲಿದ್ದ ಗೋಪಾಲನ್ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. 'ಎ.ಕೆ. ಗೋಪಾಲನ್ ವಿರುದ್ಧ ಮದ್ರಾಸ್ ರಾಜ್ಯ' ಎಂಬ ಈ ಮೊಕದ್ದಮೆಯ ತೀರ್ಪು 1950ರ ಮೇ 19ರಂದು ಬಂತು. ಅವರ ಪರ ವಾದಿಸಿದ ಎಂ.ಕೆ. ನಂಬಿಯಾರ್ ಮಂಗಳೂರಿನಲ್ಲಿ ವಕೀಲಿ ನಡೆಸಿದ್ದವರು. ಆರು ನ್ಯಾಯಮೂರ್ತಿಗಳ ಪೀಠದ ಬಹುಮತ ಬಂಧನವನ್ನು ಎತ್ತಿಹಿಡಿಯಿತು. ಭಿನ್ನಮತ ತಳೆದವರು ಫಜಲ್ ಅಲಿ ಮತ್ತು ಮೆಹರ್‌ಚಂದ್ ಮಹಾಜನ್. ಈ ಎರಡು ಹೆಸರುಗಳನ್ನು ಕನ್ನಡಿಗರು ಬೇರೊಂದು ಕಾರಣಕ್ಕೆ ಬಲ್ಲರು. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ವರದಿಯಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಲು ಹೇಳಿತು. ಮಹಾಜನ್ ಅವರ ಏಕಸದಸ್ಯ ಆಯೋಗವು 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಗೋಪಾಲನ್ ಅವರ ಸ್ವಾತಂತ್ರ್ಯದ ಪರವಾಗಿ ನಿಂತ ಇಬ್ಬರು ನ್ಯಾಯಮೂರ್ತಿಗಳೇ ಮುಂದೆ ಅವರ ಕ್ಷೇತ್ರದ ಗಡಿಯ ಬಗ್ಗೆ ಪರಸ್ಪರ ವಿರುದ್ಧವಾದ ಶಿಫಾರಸು ಬರೆದವರು. ಜನಪದ ಕಥನಗಳಲ್ಲಿ ಇಂಥ ಕಾಕತಾಳೀಯವನ್ನು ವಿಧಿ ಎನ್ನುತ್ತಾರೆ. ಆದರೆ ಈ ಪ್ರಸಂಗ ಕಾನೂನು ಪುಸ್ತಕಗಳಿಂದ ಆಚೆ ಬಂದು ಕಥೆಯಾದದ್ದು ಕಾಣುವುದಿಲ್ಲ.

ಸದನದ ಸದಸ್ಯ

1951ರಲ್ಲಿ ಬಿಡುಗಡೆಯಾದ ಗೋಪಾಲನ್ 1952ರ ಮೊದಲ ಮಹಾಚುನಾವಣೆಯಲ್ಲಿ ಕಣ್ಣೂರಿನಿಂದ ಲೋಕಸಭೆಗೆ ಆಯ್ಕೆಯಾದರು. 16 ಸದಸ್ಯರ ಕಮ್ಯುನಿಸ್ಟ್ ಗುಂಪು ಆ ಸದನದಲ್ಲಿ ವಿರೋಧ ಪಕ್ಷಗಳ ಪೈಕಿ ಅತಿ ದೊಡ್ಡದು. ಗೋಪಾಲನ್ ಅದರ ನಾಯಕರು. ರಾಜ್ಯ ಪುನರ್ವಿಂಗಡಣೆಯ ಅನಂತರ, 1957, 1962 ಮತ್ತು 1967ರಲ್ಲಿ ಕಾಸರಗೋಡಿನಿಂದ ಗೆದ್ದರು. 1964ರಲ್ಲಿ ಪಕ್ಷ ಒಡೆದಾಗ ಮಾರ್ಕ್ಸ್‌ವಾದಿ ಪಕ್ಷದ ಕಡೆ ನಿಂತರು. 1971ರಲ್ಲಿ ಪಾಲಕ್ಕಾಡಿನಿಂದ ಆಯ್ಕೆಯಾದರು. ಆ ವರ್ಷ ಕಾಸರಗೋಡು ಅವರ ಪಕ್ಷದ ಕೈತಪ್ಪಿ ಕಾಂಗ್ರೆಸ್ಸಿನ ಕಡನ್ನಪ್ಪಳ್ಳಿ ರಾಮಚಂದ್ರನ್ ಅವರ ಪಾಲಾಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಜುಲೈ 21ರಂದು, ಲೋಕಸಭೆಯಲ್ಲಿ ಅದನ್ನು ವಿರೋಧಿಸಿ ಮಾತನಾಡಿದರು. ತುರ್ತು ಪರಿಸ್ಥಿತಿ ತೆರವಾದ ಮರುದಿನ, 1977ರ ಮಾರ್ಚ್ 22ರಂದು, ನಿಧನರಾದರು.

ಕಾಲು ಶತಮಾನದ ಈ ಸಂಸದೀಯ ಬದುಕನ್ನು ಅವರ ಆತ್ಮಕಥೆಯೇ ಅನುಮಾನದಿಂದ ನೋಡುತ್ತದೆ. ಮೊದಲ ದರ್ಜೆಯ ಪ್ರಯಾಣ, ಅನುಕೂಲವಾದ ವಸತಿ, ಕೈಗೆ ಬರುವ ಹಣ, ಸ್ಥಾನಮಾನ—ಸಂಸತ್ತಿನ ವಾತಾವರಣವೇ ಮನುಷ್ಯನನ್ನು ಕೆಡಿಸುವಂಥದು ಎಂಬ ಭಾವ ಅಲ್ಲಿ ವ್ಯಕ್ತವಾಗಿದೆ. ಈ ಅನುಮಾನವನ್ನು ವಿನಯವೆಂದು ಓದುವುದು ರೂಢಿ. ಅದು ಸಾಲದು. ಸೆರೆಮನೆಯಲ್ಲಿ ತಾನು ಯಾರೆಂಬುದನ್ನು ಖಚಿತವಾಗಿ ಬಲ್ಲ ನಿರೂಪಕನಿಗೆ ಸದನದಲ್ಲಿ ಆ ಖಚಿತತೆ ಇಲ್ಲ. ಅಲ್ಲಿ ಅವನು ಎದುರಾಳಿಯೊಂದಿಗೆ ಒಂದೇ ಸೂರಿನಡಿ, ಒಂದೇ ನಿಯಮಾವಳಿಯೊಳಗೆ ಕುಳಿತಿದ್ದಾನೆ. ವೀರಕಥನಕ್ಕೆ ಈ ಸ್ಥಿತಿಯನ್ನು ಹೇಳುವ ಭಾಷೆ ಇಲ್ಲ. ಆದ್ದರಿಂದಲೇ ಸಂಸದರಾದ ಮೇಲೂ ಅವರನ್ನು ಸ್ಮೃತಿಗೆ ತಂದುಕೊಟ್ಟದ್ದು ಹಳೆಯ ರೂಪಗಳೇ. 1960ರಲ್ಲಿ ಭೂಸುಧಾರಣೆಗಾಗಿ ಕಾಸರಗೋಡಿನಿಂದ ತಿರುವನಂತಪುರದವರೆಗೆ ರೈತರ ಜಾಥಾ. 1961ರಲ್ಲಿ ಇಡುಕ್ಕಿ ಯೋಜನೆಗಾಗಿ ಒಕ್ಕಲೆಬ್ಬಿಸಲ್ಪಟ್ಟ ರೈತರಿಗಾಗಿ ಅಮರಾವತಿಯಲ್ಲಿ ಉಪವಾಸ. ಕ್ಷೇತ್ರ ಉತ್ತರದ ತುದಿಯಲ್ಲಿ, ಉಪವಾಸ ದೂರದ ಮಲೆನಾಡಿನಲ್ಲಿ. ಪ್ರತಿನಿಧಿಯ ಕೆಲಸವನ್ನು ಅವರು ಕ್ಷೇತ್ರದ ಎಲ್ಲೆಯಿಂದ ಅಳೆಯಲಿಲ್ಲ. ಒಂದು ವರ್ಗವನ್ನು ಪ್ರತಿನಿಧಿಸುವವರೆಂದೇ ತಮ್ಮನ್ನು ತಿಳಿದುಕೊಂಡಿದ್ದರು.

ಇದರ ಬೆಲೆಯನ್ನು ಕಾಸರಗೋಡಿನ ಕನ್ನಡಿಗರ ಕಡೆಯಿಂದ ನೋಡಬೇಕಾಗುತ್ತದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದಾಗ ಅದರ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಮರುವರ್ಷದ ಕೇರಳ ವಿಧಾನಸಭೆಯ ಚುನಾವಣೆಯಲ್ಲಿ ಮಂಜೇಶ್ವರ ಕ್ಷೇತ್ರವು ಕರ್ನಾಟಕದಲ್ಲಿ ವಿಲೀನವಾಗಬೇಕೆಂಬ ಚಳವಳಿಯ ಎಂ. ಉಮೇಶ ರಾವ್ ಅವರನ್ನು ಅವಿರೋಧವಾಗಿ ಆರಿಸಿತು. 1960ರಲ್ಲಿಯೂ 1967ರಲ್ಲಿಯೂ ಅದೇ ನಿಲುವಿನ ಕಳ್ಳಿಗೆ ಮಹಾಬಲ ಭಂಡಾರಿ ಗೆದ್ದರು. ಅಂದರೆ ಗೋಪಾಲನ್ ಅವರ ಲೋಕಸಭಾ ಕ್ಷೇತ್ರದ ಒಂದು ತುದಿಯಲ್ಲಿ ಭೂಮಿಯ ಪ್ರಶ್ನೆಗಿಂತ ಭಾಷೆಯ ಪ್ರಶ್ನೆಯೇ ಮತಪೆಟ್ಟಿಗೆಯಲ್ಲಿ ಗೆಲ್ಲುತ್ತಿತ್ತು. 1970ರಲ್ಲಿ ಮಂಜೇಶ್ವರವು ಭಾರತೀಯ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ ಅವರನ್ನು ಆರಿಸಿದಾಗ ಆ ಕ್ರಮ ಬದಲಾಯಿತು. 1980 ಮತ್ತು 1982ರಲ್ಲಿ ಅದೇ ಪಕ್ಷದ ಎ. ಸುಬ್ಬರಾವ್ ಗೆದ್ದರು. ಹದಿನಾಲ್ಕು ವರ್ಷ ಕನ್ನಡಿಗರ ಸಂಸದರಾಗಿದ್ದವರ ಹೆಸರು ಕನ್ನಡದ ಏಕೀಕರಣ ಸಾಹಿತ್ಯದಲ್ಲಿ ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ಇದನ್ನು ಗೋಪಾಲನ್ ಅವರ ಉದಾಸೀನವೆಂದು ತೀರ್ಮಾನಿಸುವುದು ಆತುರವಾದೀತು. ಆದರೆ ವರ್ಗವನ್ನು ಪ್ರತಿನಿಧಿಸುವ ರಾಜಕಾರಣವು ಭಾಷಿಕ ಅಲ್ಪಸಂಖ್ಯಾತರ ನೋವನ್ನು ತನ್ನ ಕಥನದೊಳಗೆ ತಂದುಕೊಳ್ಳಲಿಲ್ಲ ಎಂಬುದಂತೂ ನಿಜ. ಕೇರಳದ ರಾಜಕೀಯ ಯಾತ್ರೆಗಳು ಇಂದಿಗೂ ಕಾಸರಗೋಡಿನಿಂದಲೋ ಮಂಜೇಶ್ವರದಿಂದಲೋ ಹೊರಟು ದಕ್ಷಿಣಕ್ಕೆ ಸಾಗುವುದು ವಾಡಿಕೆ. ಆ ಯಾತ್ರೆಗಳಿಗೆ ಕನ್ನಡದ ಊರು ಹೊರಡುವ ಜಾಗ, ತಲುಪುವ ಜಾಗವಲ್ಲ.

ಕರ್ನಾಟಕದಲ್ಲಿ ಗೋಪಾಲನ್ ಅವರ ಕೆಲಸದ ಇನ್ನೊಂದು ಗುರುತು ಉಳಿದಿದೆ. ಅದಕ್ಕೂ ಹೆಸರಿನ ನೆನಪಿಲ್ಲ. ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿ ನೌಕರರನ್ನು ಕೈಬಿಡಲು ಮುಂದಾದಾಗ, ಆ ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ಅವುಗಳನ್ನು ನಡೆಸುವಂತೆ ಒತ್ತಾಸೆಯಾದವರು ಅವರು. ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮಹಾತ್ಮ ಗಾಂಧಿ ರಸ್ತೆಯಿಂದ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದ ಕಾಫಿ ಹೌಸ್‌ನ ಬಗ್ಗೆ ಬೆಂಗಳೂರಿನ ಲೇಖಕರು ಬರೆದಿರುವ ನೆನಪುಗಳು ಕಡಮೆಯಿಲ್ಲ. ಅವುಗಳಲ್ಲಿ ಪೇಟ ಧರಿಸಿದ ಪರಿಚಾರಕರು ತಪ್ಪದೆ ಬರುತ್ತಾರೆ. ಆ ಪರಿಚಾರಕರು ಹೋಟೆಲಿನ ಒಡೆಯರೂ ಆದದ್ದು ಹೇಗೆಂಬುದು ವಿರಳವಾಗಿ ಬರುತ್ತದೆ.

ಕನ್ನಡದ ಕಲ್ಪನೆಯಲ್ಲಿ ಕಮ್ಯುನಿಸ್ಟ್

ಕನ್ನಡ ಓದುಗನಿಗೆ ಕಾಸರಗೋಡಿನ ಕಮ್ಯುನಿಸ್ಟ್ ಚಳವಳಿ ಪರಿಚಿತವಾಗಿರುವುದು ಮುಖ್ಯವಾಗಿ ಒಂದು ಕಾದಂಬರಿಯಿಂದ. 1941ರ ಮಾರ್ಚ್‌ನಲ್ಲಿ ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕಿದ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ ಪ್ರಕರಣದಲ್ಲಿ, ಮಡತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿ. ನೀಲೇಶ್ವರದಲ್ಲಿ ಓದಿದ ನಿರಂಜನರು ಇದನ್ನು ವಸ್ತುವಾಗಿಸಿಕೊಂಡು 'ಚಿರಸ್ಮರಣೆ' (1955) ಬರೆದರು. ಕೃತಿಯ ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ.

'ಚಿರಸ್ಮರಣೆ'ಯ ಹಿರಿಮೆಯನ್ನು ಕುರಿತು ಬೇಕಾದಷ್ಟು ಬರೆಯಲಾಗಿದೆ. ಆದರೆ ಅದು ಕನ್ನಡದ ಕಲ್ಪನೆಗೆ ಹಾಕಿಕೊಟ್ಟ ಒಂದು ಚೌಕಟ್ಟನ್ನು ವಿಮರ್ಶೆ ಗಮನಿಸಿದಂತಿಲ್ಲ. ಕನ್ನಡದಲ್ಲಿ ಕಮ್ಯುನಿಸ್ಟ್ ನಾಯಕನೆಂದರೆ ಹುತಾತ್ಮ. ಅವನು ಗಲ್ಲಿಗೇರುತ್ತಾನೆ, ಚುನಾವಣೆಗೆ ನಿಲ್ಲುವುದಿಲ್ಲ. ನಾಲ್ವರ ಕಥೆ ಪಾಡ್ದನದ ನಿಯಮಕ್ಕೆ ಪೂರ್ತಿಯಾಗಿ ಒಪ್ಪುತ್ತದೆ: ಒಡೆಯನ ದಬ್ಬಾಳಿಕೆ, ಎಳೆಯ ವೀರರು, ಅನ್ಯಾಯದ ಮರಣ, ಮರಣೋತ್ತರ ಶಕ್ತಿ. ಕಯ್ಯೂರಿನ ಪಕ್ಕದ ನೀಲೇಶ್ವರದಿಂದಲೇ 1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ವಿಧಾನಸಭೆಗೆ ಆಯ್ಕೆಯಾಗಿ ಮುಖ್ಯಮಂತ್ರಿಯಾದರು; ಆ ಸರ್ಕಾರದ ಭೂಮಸೂದೆ 1959ರ ಜೂನ್‌ನಲ್ಲಿ ಅಂಗೀಕಾರವಾಯಿತು, ಜುಲೈ 31ರಂದು ಸರ್ಕಾರವೇ ವಜಾ ಆಯಿತು. ಗಲ್ಲಿಗೇರಿದವರ ಬೇಡಿಕೆ ಹದಿನಾರು ವರ್ಷಗಳಲ್ಲಿ ಮಸೂದೆಯ ರೂಪ ತಾಳಿದ ಈ ಕಥೆಯನ್ನು ಹೇಳುವ ಕಾದಂಬರಿ ಕನ್ನಡದಲ್ಲಿ ಇಲ್ಲ.

ಕಕ್ಕಿಲ್ಲಾಯರ ನಿದರ್ಶನ

ಬೇವಿಂಜೆ ವಿಷ್ಣು ಕಕ್ಕಿಲ್ಲಾಯರು 1919ರಲ್ಲಿ ಕಾಸರಗೋಡಿನ ಸಮೀಪದ ಬೇವಿಂಜೆಯ ಭೂಮಾಲೀಕ ಮನೆತನದಲ್ಲಿ ಹುಟ್ಟಿದರು. ಮಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ರಾಷ್ಟ್ರೀಯ ಚಳವಳಿಗೂ, ಅಲ್ಲಿಂದ ಕಮ್ಯುನಿಸ್ಟ್ ಪಕ್ಷಕ್ಕೂ ಬಂದರು. 1952ರ ಚುನಾವಣೆಯಲ್ಲಿ ಮದ್ರಾಸ್ ವಿಧಾನಸಭೆಯಲ್ಲಿ ಕಮ್ಯುನಿಸ್ಟರು 62 ಸ್ಥಾನ ಪಡೆದಿದ್ದ ಕಾರಣ ಆ ಸಭೆಯಿಂದ ಪಕ್ಷಕ್ಕೆ ರಾಜ್ಯಸಭಾ ಸ್ಥಾನಗಳು ದೊರೆತವು; ಕಕ್ಕಿಲ್ಲಾಯರು 1952ರಿಂದ 1954ರವರೆಗೆ ಮೊದಲ ರಾಜ್ಯಸಭೆಯ ಸದಸ್ಯರಾದರು. ಕರ್ನಾಟಕದ ಏಕೀಕರಣಕ್ಕಾಗಿ ದುಡಿದರು. ಆ ಏಕೀಕರಣ ಸಾಧ್ಯವಾದ ದಿನವೇ ಅವರ ಹುಟ್ಟೂರು ಕರ್ನಾಟಕದ ಹೊರಗೆ ಉಳಿಯಿತು. 1964ರ ಒಡಕಿನಲ್ಲಿ ಗೋಪಾಲನ್ ಒಂದು ಕಡೆಯಾದರೆ ಕಕ್ಕಿಲ್ಲಾಯರು ಭಾರತೀಯ ಕಮ್ಯುನಿಸ್ಟ್ ಪಕ್ಷದಲ್ಲೇ ಉಳಿದರು. ಅವರಿಗೆ ಮತದಾರರು ಸಿಕ್ಕಿದ್ದು ಹೊಸ ಗಡಿಯ ಈಚೆಗೆ: 1972ರಲ್ಲಿ ಬಂಟ್ವಾಳದಿಂದಲೂ 1978ರಲ್ಲಿ ವಿಟ್ಲದಿಂದಲೂ ಕರ್ನಾಟಕ ವಿಧಾನಸಭೆಗೆ ಆಯ್ಕೆಯಾದರು. 2012ರ ಜೂನ್‌ನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಹೀಗೆ ಕಣ್ಣೂರಿನಲ್ಲಿ ಹುಟ್ಟಿದವರು ಕಾಸರಗೋಡಿನ ಸಂಸದರಾದರು. ಕಾಸರಗೋಡಿನಲ್ಲಿ ಹುಟ್ಟಿದವರು ಬಂಟ್ವಾಳದ ಶಾಸಕರಾದರು. ಮೊದಲನೆಯವರು ಬಿರುದಾಗಿ, ಪ್ರತಿಮೆಯಾಗಿ, ಮೂರೇ ಅಕ್ಷರಗಳ 'ಎ.ಕೆ.ಜಿ.'ಯಾಗಿ ಉಳಿದರು. ಎರಡನೆಯವರು ಉಳಿದಿರುವುದು ಮುದ್ರಿತ ಗದ್ಯದಲ್ಲಿ. ಅವರ ಆತ್ಮಕಥನದ ಹೆಸರು 'ಬರೆಯದ ದಿನಚರಿಯ ಮರೆಯದ ಪುಟಗಳು'. ಮೌಖಿಕತೆ ಮತ್ತು ಲಿಖಿತತೆಗಳ ಸಂಬಂಧವನ್ನು ಕುರಿತು ಚಿಂತಿಸುವವರಿಗೆ ಈ ಶೀರ್ಷಿಕೆ ಕುತೂಹಲ ಹುಟ್ಟಿಸುತ್ತದೆ. ದಿನಚರಿ ಬರೆದಿಲ್ಲ, ಆದರೂ ಪುಟಗಳಿವೆ. ಅಂದರೆ ಸ್ಮೃತಿಯನ್ನೇ ಇಲ್ಲಿ ಪುಸ್ತಕವೆಂದು ಕಲ್ಪಿಸಿಕೊಳ್ಳಲಾಗಿದೆ. ಪಾಡ್ದನ ಹೇಳುವವರಿಗೆ ಸ್ಮೃತಿ ಪುಟವಾಗಿ ಒದಗುವುದಿಲ್ಲ. ಅದು ತೆಂಬರೆಯ ಬಡಿತದೊಂದಿಗೆ, ಹೆಜ್ಜೆಯಂತೆ ಒಂದರ ಹಿಂದೆ ಒಂದಾಗಿ ಬರುತ್ತದೆ. ಓದಿದ, ಬರೆದ, ತರ್ಕಿಸಿದ ಈ ಕಮ್ಯುನಿಸ್ಟ್ ಜನಸ್ಮೃತಿಯ ವೀರನಾಗಲಾರದೆ ಹೋದದ್ದಕ್ಕೆ ಅವರ ಕೆಲಸ ಕಡಮೆಯಾದದ್ದು ಕಾರಣವಲ್ಲ. ಅವರ ಕೆಲಸದ ಬಹುಪಾಲು ಭಾಷ್ಯದ ಬಗೆಯದು.

ಹಾಡಾಗದ ಕಾಯ್ದೆ

ಕಕ್ಕಿಲ್ಲಾಯರು ವಿಧಾನಸಭೆಯಲ್ಲಿದ್ದ ಅವಧಿಯಲ್ಲೇ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ರೂಪುಗೊಂಡು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಆಗಿನ ಮುಖ್ಯಮಂತ್ರಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದ ಸೀಮೆಯಲ್ಲಿ ಸ್ವಂತ ಹಿಡುವಳಿ ಹೆಚ್ಚು; ಭೂಮಿಯ ಮಾತೆಂದರೆ ವಾರಕ್ಕೆ ಮಾಡುವುದು, ಇನಾಂ, ನಾಲೆಯ ನೀರು. ಕರಾವಳಿಯ ಸ್ಥಿತಿ ಬೇರೆ. ಅಲ್ಲಿ ಚಾಲಗೇಣಿಯ ಒಕ್ಕಲು ವರ್ಷವರ್ಷವೂ ಧಣಿಯ ಅಂಗಳಕ್ಕೆ ಅಕ್ಕಿಮುಡಿ ಹೊರಬೇಕಿತ್ತು. ಮೂಲಗೇಣಿಯವನಿಗಿದ್ದ ಭದ್ರತೆ ಚಾಲಗೇಣಿಯವನಿಗೆ ಇರಲಿಲ್ಲ. ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ನಿಹಿತವಾಗಿ, ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದರೆ ಅಧಿಭೋಗದ ಹಕ್ಕು ಪಡೆಯುವ ವ್ಯವಸ್ಥೆಯನ್ನು ಕಾಯ್ದೆ ತಂದಿತು. ಅರ್ಜಿಯ ಗಡುವು ವಿಸ್ತರಣೆಯಾಗುತ್ತ 1979ರ ಜೂನ್ 30ರವರೆಗೆ ಬಂತು. ತಾಲ್ಲೂಕಿನ ಭೂನ್ಯಾಯ ಮಂಡಳಿಯಲ್ಲಿ ಉಪವಿಭಾಗಾಧಿಕಾರಿಯ ಜೊತೆ ಸರ್ಕಾರ ನೇಮಿಸಿದ ನಾಲ್ವರು ಅಧಿಕಾರೇತರರು ಕುಳಿತರು; ಮೊದಲಿಗೆ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹೀಗಾಗಿ ಒಕ್ಕಲು ತನ್ನ ಮಾತನ್ನು ತಾನೇ ಆಡಬೇಕಾಯಿತು.

ಗಡಿಯ ಆಚೆ ಇದೇ ಬದಲಾವಣೆ ಬೇರೆ ಕಾಯ್ದೆಯ ಮೂಲಕ, ನಾಲ್ಕು ವರ್ಷ ಮೊದಲೇ ಬಂದಿತ್ತು. ಕೇರಳದ ಭೂಸುಧಾರಣೆಯ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಯಾಯಿತು. ಗೇಣಿದಾರರಿಗೆ ಹಕ್ಕು, ಗುಡಿಸಲುವಾಸಿಗಳಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ನೆಲ. ಹಿಂದಿನ ತಿಂಗಳು ಆಲಪ್ಪುಳದಲ್ಲಿ ಸೇರಿದ ರೈತ–ಕಾರ್ಮಿಕರ ಸಮಾವೇಶವು ಕಾಯ್ದೆಯನ್ನು ಸರ್ಕಾರ ಜಾರಿಗೊಳಿಸಲಿ ಬಿಡಲಿ, ಜನವೇ ಜಾರಿಗೊಳಿಸಬೇಕೆಂದು ಕರೆಕೊಟ್ಟಿತು. ಆ ಹೋರಾಟದ ಮುಂಚೂಣಿಯಲ್ಲಿದ್ದವರು ಕಾಸರಗೋಡಿನ ಸಂಸದ ಗೋಪಾಲನ್. ಅವರಲ್ಲಿ ನಡಿಗೆಯ ನಾಯಕನೂ ಶಾಸನದ ಭಾಷೆ ಬಲ್ಲವನೂ ಒಂದಾಗಿ ನಿಂತ ಗಳಿಗೆ ಇದ್ದರೆ ಅದು ಇದೇ.

ತುಳುನಾಡಿನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಸ್ಥಿತ್ಯಂತರ ಆ ಶತಮಾನದಲ್ಲಿ ಆಗಿಲ್ಲ. ಆದರೂ ಅದನ್ನು ಹೇಳುವ ಪಾಡ್ದನವಿಲ್ಲ. ನಾಟಿಯ ಗದ್ದೆಯ ಕಬಿತಗಳ ಸಂಗ್ರಹಗಳಲ್ಲೂ ಅದು ಎದ್ದುಕಾಣುವುದಿಲ್ಲ. ಮೌಖಿಕ ಪರಂಪರೆಗೆ ಭೂಮಿಯ ವ್ಯವಹಾರವನ್ನು ಹಾಡುವ ಶಕ್ತಿಯಿಲ್ಲ ಎಂದು ವಾದಿಸುವಂತಿಲ್ಲ. ಕೋಟಿ–ಚೆನ್ನಯ ಪಾಡ್ದನದ ನಿರ್ಣಾಯಕ ತಿರುವು ಇರುವುದೇ ಗದ್ದೆಯ ಬೇಸಾಯ ಮತ್ತು ನೀರಿನ ಜಗಳದಲ್ಲಿ. ಮಲೆನಾಡಿನ ಕಾಗೋಡಿನಲ್ಲಿ 1951ರ ಸತ್ಯಾಗ್ರಹಕ್ಕೆ ಮೂಲವಾದದ್ದು ಗೇಣಿ ಅಳೆಯುವ ಕೊಳಗದ ಗಾತ್ರ. ಅಳತೆಯ ಪಾತ್ರೆಯೊಂದು ಜನರ ಮಾತಿನಲ್ಲಿ ಅನ್ಯಾಯದ ರೂಪಕವಾಗಬಲ್ಲದೆಂದು ಅದು ತೋರಿಸಿಕೊಟ್ಟಿದೆ. ಹಾಗಾದರೆ ನಮೂನೆ 7 ಏಕೆ ಹಾಡಾಗಲಿಲ್ಲ?

ಕಾರಣವನ್ನು ಹಾಡಿನ ರೂಪದಲ್ಲಿ ಹುಡುಕುವುದಕ್ಕಿಂತ ಊರಿನ ಅಂಗಳದಲ್ಲಿ ಹುಡುಕಬೇಕು. ಕಾಯ್ದೆ ಭೂಮಿಯನ್ನು ಧಣಿಯಿಂದ ಬಿಡಿಸಿತು, ದೈವಸ್ಥಾನವನ್ನು ಬಿಡಿಸಲಿಲ್ಲ. ಗುತ್ತಿನ ಮನೆ ಗದ್ದೆಗಳನ್ನು ಕಳೆದುಕೊಂಡ ಮೇಲೂ ಕೋಲದ ದಿನ ಮೊದಲ ಪ್ರಸಾದದ ಗೌರವ ಆ ಮನೆಯದೇ ಆಗಿ ಉಳಿಯಿತು. ಮಂಡಳಿಯ ಮುಂದೆ ಧಣಿಯ ಎದುರು ನಿಂತು ಹೇಳಿಕೆ ಕೊಟ್ಟ ಒಕ್ಕಲು, ಆ ವರ್ಷದ ನೇಮಕ್ಕೆ ಅದೇ ಧಣಿಯ ಜೊತೆ ಒಂದೇ ಚಪ್ಪರದಡಿ ನಿಲ್ಲಬೇಕಿತ್ತು. ಪಾಡ್ದನ ಹಾಡುವುದು ಆ ಚಪ್ಪರದಲ್ಲಿ. ಗೆಲುವನ್ನು ಅಲ್ಲಿ ಹಾಡಿದರೆ ಊರು ಒಡೆಯುತ್ತಿತ್ತು. ಗೆದ್ದವರು ಆರಿಸಿಕೊಂಡ ಈ ಮೌನವನ್ನು ಮರೆವೆಂದು ಬಗೆಯಬಾರದು. ಇದಕ್ಕೆ ಇನ್ನೊಂದು ಕಾರಣವೂ ಸೇರಿರಬಹುದು: ಜಾಥಾದಲ್ಲಿ ಸಾವಿರ ಜನ ಒಟ್ಟಿಗೆ ನಡೆಯುತ್ತಾರೆ, ಅರ್ಜಿ ಮಾತ್ರ ಮನೆಗೊಂದು. ಒಟ್ಟಾಗಿ ಆಗದ ಅನುಭವಕ್ಕೆ ಹಿಮ್ಮೇಳ ಸಿಗುವುದು ಕಷ್ಟ.

ಹಾಡಾಗದ್ದು ಮಾತಾಗಿ ಉಳಿದಿದೆ. ದಕ್ಷಿಣ ಕನ್ನಡದ ಮನೆಮಾತಿನಲ್ಲಿ ನಮೂನೆ 7ರ ಹೆಸರು 'ಡಿಕ್ಲರೇಶನ್'. ಡಿಕ್ಲರೇಶನ್ ಕೊಟ್ಟದ್ದು, ಡಿಕ್ಲರೇಶನ್ ಆದ ಜಾಗ ಎಂಬ ಮಾತುಗಳು ಆಸ್ತಿಯ ಮೂಲವನ್ನೂ ಕಾಲವನ್ನೂ ಒಟ್ಟಿಗೆ ಸೂಚಿಸುತ್ತವೆ. ಕಾನೂನಿನ ಇಂಗ್ಲಿಷ್ ಪದವೊಂದು ತುಳು–ಕನ್ನಡದ ಕಾಲಗಣನೆಯೊಳಗೆ ಹೀಗೆ ಸೇರಿಕೊಂಡದ್ದು ಭಾಷಿಕವಾಗಿಯೂ ಮುಖ್ಯವಾದ ಸಂಗತಿ. ಕನ್ನಡ ಜಾನಪದ ಅಧ್ಯಯನ ಈ ಕಡೆ ತಿರುಗಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜನಪದ ಮಹಾಕಾವ್ಯಗಳನ್ನು ಸಂಪುಟಗಳಲ್ಲಿ ಪ್ರಕಟಿಸಿದ ಕಾಲದಲ್ಲಿ 'ಸಾಂಸ್ಕೃತಿಕ ವೀರ' ಎಂಬ ಪರಿಕಲ್ಪನೆ ಅಧ್ಯಯನದ ಕೇಂದ್ರಕ್ಕೆ ಬಂತು. ಅದರಿಂದ ಲಾಭವೇ ಹೆಚ್ಚಾಯಿತು. ತಳಸಮುದಾಯಗಳ ನಾಯಕರು ಚರಿತ್ರೆಯೊಳಗೆ ಬಂದರು. ಆದರೆ ವೀರನಿದ್ದಲ್ಲಿ ಮಾತ್ರ ಜಾನಪದವಿದೆ ಎಂಬ ಅಭ್ಯಾಸವನ್ನೂ ಅದು ಬೆಳೆಸಿತು. ಕ್ಷೇತ್ರಕಾರ್ಯಕ್ಕೆ ಹೋದವರು ಕಾವ್ಯ ಹಾಡುವವರನ್ನು ಹುಡುಕಿದರು. ಮಂಡಳಿಯ ಮುಂದೆ ಹೇಳಿಕೆ ಕೊಟ್ಟವರನ್ನು ಹುಡುಕಲಿಲ್ಲ. 1974ರಲ್ಲಿ ಇಪ್ಪತ್ತೈದರ ಪ್ರಾಯದಲ್ಲಿದ್ದ ಒಕ್ಕಲು ಈಗ ಎಪ್ಪತ್ತೈದು ದಾಟಿದ್ದಾನೆ. ಅವನ ಹೆಂಡತಿಯ ನೆನಪಿನಲ್ಲಿ ಆ ದಿನಗಳು ಹೇಗಿವೆ ಎಂದು ಕೇಳಿದವರು ಇನ್ನೂ ಕಡಮೆ.

ಕಾಸರಗೋಡು ಕ್ಷೇತ್ರ 1980, 1989 ಮತ್ತು 1991ರಲ್ಲಿ ಎಂ. ರಾಮಣ್ಣ ರೈಯವರನ್ನು ಮಾರ್ಕ್ಸ್‌ವಾದಿ ಪಕ್ಷದಿಂದ ಲೋಕಸಭೆಗೆ ಕಳಿಸಿತು. ಗೋಪಾಲನ್ ಅವರ ಸ್ಥಾನಕ್ಕೆ ತುಳು–ಕನ್ನಡ ಪರಿಸರದವರೊಬ್ಬರು ಬಂದ ಈ ಮೂರು ಅವಧಿಗಳ ಬಗ್ಗೆ ಕನ್ನಡದ ಅಧ್ಯಯನಗಳು ಬಹುತೇಕ ಮೌನವಾಗಿವೆ. ಅವರು ನಡೆದ ಜಾಥಾಗಳಿಗಿಂತ ಅವರು ಕುಳಿತ ಸದನದ ನಡವಳಿಗಳು ಸುಲಭವಾಗಿ ಸಿಗುತ್ತವೆ, ಮುದ್ರಿತವಾಗಿ ಗ್ರಂಥಾಲಯಗಳಲ್ಲಿವೆ. ಭೂನ್ಯಾಯ ಮಂಡಳಿಗಳ ಕಡತಗಳ ಮಾತು ಹಾಗಲ್ಲ. ಒಕ್ಕಲು ತುಳುವಿನಲ್ಲಿ ಆಡಿದ್ದನ್ನು ಗುಮಾಸ್ತ ಕನ್ನಡದಲ್ಲಿ ಬರೆದು, ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಹೇಳಿಕೆಗಳು ಅವುಗಳಲ್ಲಿವೆ: ಎಷ್ಟು ಮುಡಿ ಗೇಣಿ, ಯಾರ ಕಾಲದಿಂದ ಸಾಗುವಳಿ, ಗದ್ದೆಯ ಹೆಸರೇನು, ಸಾಕ್ಷಿ ಯಾರು. ಬಂಟ್ವಾಳದ ಮನೆಯಲ್ಲಿ ಆ ಕಡತದ ಫಲಕ್ಕೆ 'ಡಿಕ್ಲರೇಶನ್ ಜಾಗ' ಎನ್ನುತ್ತಾರೆ. ಗಡಿಯ ಆಚೆ ಕೇರಳದ ಮಂಡಳಿ ಕೊಟ್ಟ ಕಾಗದಕ್ಕೆ ಮಲಯಾಳದ ಹೆಸರು 'ಪಟ್ಟಯಂ'.